ಕಚ್ಚಿ ನೋಡದ ವರ್ಷ

ಈಗಷ್ಟೇ ಕಣದಲ್ಲಿ ಒಣಹಾಕಿದ ಒಂದು ಕಾಫಿ ಬೀಜ ಕಚ್ಚಿದೆ. ಹಲ್ಲಿಗೆ ಮೆತ್ತಗೆ ಸಿಕ್ಕಿತು. ನಮ್ಮಲ್ಲಿ ಈಗ ತೇವ ಅಳೆಯುವ ಯಂತ್ರವಿದೆ. ಆದರೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಮಗಳು ಮೊಬೈಲ್ ನೋಡುತ್ತಾ ಕಾಫಿ ಹರಡಲು ಕುಂಟೆ ಎಳೆಯುತ್ತಿದ್ದಾಳೆ. ದ್ವಿತೀಯ ಪಿಯುಸಿ. ಮನೆಯ ಗೋಡೆಗೆ ಅಂಟಿಸಿದ ಓದಿನ ವೇಳಾಪಟ್ಟಿಯಲ್ಲಿ ಜೀವಶಾಸ್ತ್ರವನ್ನು ನೆಟ್ಟಗೆ ಕೆಂಪು ಗೀಟೆಳೆದು ಹೊಡೆದುಹಾಕಿದ್ದಾಳೆ.

"ಮೈಸೂರಿನ ಕಾಲೇಜಲ್ಲಿ ಸೀಟು ಕೊಡ್ತೀವಿ ಅಂದಿದಾರಲ್ಲಮ್ಮ. ಪಾಸಾದ್ರೆ ಸಾಕು."

ಈ ಮಾತು ನನಗೆ ಬಹಳ ಹಳೆಯ ಪರಿಚಯ. ನನ್ನ ದ್ವಿತೀಯ ಪಿಯುಸಿಯ ವರ್ಷವೂ ಕಾಲೇಜು ನಿಶ್ಚಯವಾಗಿತ್ತು. ಚಿಕ್ಕಮಗಳೂರಿನಲ್ಲಿ ಬಿಎಸ್ಸಿ; ಅಲ್ಲಿ ಸೋದರಮಾವನಿಗೆ ಎಲ್ಲರೂ ಗೊತ್ತು. ಹಾಸ್ಟೆಲ್ಲಿಗೆಂದು ಟ್ರಂಕು ಕೂಡ ಬಂತು. ನಾನೂ ವರ್ಷವನ್ನು ಯೋಜಿಸಿದೆ ನೋಡಿ, ಎಂಥ ಯೋಜನೆ! ಓದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು. ಗೋಣಿಬೀಡಿನಿಂದ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟು, ತರಗತಿಯಲ್ಲಿ ಕೊನೆಯ ಬೆಂಚು.

ಜನವರಿಯಲ್ಲಿ ಅಪ್ಪ, "ನಿಂಗೆ ಹೇಗೂ ಓದೋದೇನಿಲ್ಲ, ಕಣ ನೋಡ್ಕೊ" ಎಂದರು. ನನಗೆ ಹೆಮ್ಮೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಅಂಗೈಲಿ ಆಡಿಸಿದೆ, ಗಲಗಲ ಎಂದಿತು. ಒಣಗಿದೆ ಎಂದು ಆಳುಗಳಿಂದ ಚೀಲ ತುಂಬಿಸಿ ಬಾಯಿ ಹೊಲಿಸಿಯೂ ಬಿಟ್ಟೆ.

ಮಧ್ಯಾಹ್ನ ರೈಟರ್ ಮಂಜಪ್ಪಯ್ಯ ಬಂದರು. ನಮ್ಮ ತೋಟದ ಲೆಕ್ಕಪತ್ರವೆಲ್ಲ ಅವರದೇ. ಯಾರ ಮೇಲೂ ದನಿ ಏರಿಸಿದವರಲ್ಲ. ಒಂದು ಬೀಜ ಕಚ್ಚಿ, ಅದರ ಮೇಲೆ ಮೂಡಿದ ಹಲ್ಲಿನ ಗುರುತು ತೋರಿಸಿದರು.

"ಮೇಲೆ ಒಣಗಿದೆ ಕಣಮ್ಮಾ, ಒಳಗಿನ್ನೂ ಹಸಿ. ಚೀಲದಲ್ಲಿಟ್ರೆ ಬೂಸಲು ಬರುತ್ತೆ. ಕಚ್ಚಿ ನೋಡ್ಬೇಕಿತ್ತು ಮಾರಾಯ್ತಿ."

ಎಲ್ಲ ಚೀಲಗಳನ್ನೂ ಬಿಚ್ಚಿಸಿ ಮತ್ತೆ ಸುರಿಸಿದರು. ಅವರು ಹೇಳಿದ್ದು ಕಾಫಿಯ ಮಾತೇ. ನನಗೆ ಬುದ್ಧಿ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನನಗೂ ಅದು ಕಾಫಿಯ ಮಾತಾಗಿಯೇ ಕೇಳಿಸಿತು. ಕಾಫಿ ಉಳಿಯಿತು.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ಆದರೆ ಆ ಕಾಲೇಜಿನವರಿಗೆ ಜೀವಶಾಸ್ತ್ರದಲ್ಲಿ ಐವತ್ತು ಬೇಕಿತ್ತು, ನನಗೆ ಬಂದದ್ದು ನಲವತ್ತಾರು. ಸೋದರಮಾವ ಎರಡು ಸಲ ಕಾಲೇಜಿಗೆ ಹೋಗಿ ಬಂದು, ಮೂರನೆಯ ಸಲ ನಮ್ಮ ಮನೆಗೇ ಬರಲಿಲ್ಲ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಮೂಡಿಗೆರೆಯಲ್ಲೇ ಬಿಎ ಸೇರಿ, ಇತಿಹಾಸವೆಂದರೆ ನನಗೆ ಮೊದಲಿನಿಂದಲೂ ಪ್ರಾಣ ಎಂದು ಊರಿಗೆಲ್ಲ ಹೇಳಿದೆ. ಮದುವೆಯಾದ ಮೇಲೆ ಗಂಡನಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ನಂಬಿದೆ. ಟ್ರಂಕಿನಲ್ಲಿ ಈಗ ಕಂಬಳಿಗಳಿವೆ.

ಮಗಳಿಗೆ ಉಪದೇಶ ಮಾಡಬೇಕೆಂದೇ ಇವತ್ತು ಕಣಕ್ಕೆ ಕರೆತಂದದ್ದು. ಬಾಯಿ ತೆರೆದರೆ ಉಪದೇಶ ಬರಲಿಲ್ಲ, ಆ ನಲವತ್ತಾರು ಬಂತು. ಹೇಳುವಾಗ ನಾಚಿಕೆಯಾಯಿತು, ಇಷ್ಟು ವರ್ಷ ಕಳೆದರೂ.

ಅವಳು ಮೊಬೈಲ್ ಜೇಬಿಗಿಟ್ಟಳು. "ಹಿಸ್ಟರಿ ಇಷ್ಟ ಅಂತ ತಗೊಂಡೆ ಅಂದಿದ್ದೆ?"

"ಇಷ್ಟ ಆಗಿದ್ದು ಆಮೇಲೆ."

ಅವಳು ಒಂದು ಬೀಜ ಆರಿಸಿ ಕಚ್ಚಿದಳು, ಮುಖ ಕಿವುಚಿ ಉಗಿದಳು. ಕುಂಟೆಯನ್ನು ಗೋಡೆಗೊರಗಿಸಿ ಒಳಗೆ ಹೋದಳು. ಮುನಿಸೇ ಇರಬೇಕೆಂದುಕೊಂಡು ನಾನೊಬ್ಬಳೇ ಕಾಫಿ ಹರಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಜೀವಶಾಸ್ತ್ರದ ಪುಸ್ತಕ ಹಿಡಿದು ಬಂದು, ಕಣದ ಕಟ್ಟೆಯ ಮೇಲೆ ನನಗೂ ಜಾಗ ಬಿಟ್ಟು ಕೂತಳು.

"ಬಾ ಅಮ್ಮ, ಜೊತೆಗೇ ಓದೋಣ. ನಿಂಗೂ ನಾಲ್ಕು ಮಾರ್ಕು ಬಾಕಿ ಇದೆಯಲ್ಲ."