ಮೇಲಿನ ಮನೆಯವರು ಹೊರಡುವ ಹೊತ್ತು

ಸದ್ದಾಗದಂತೆ ಬಾಗಿಲು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ ಮಕ್ಕಳೇ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಒಬ್ಬಟ್ಟು ತೆಳ್ಳಗೆ ತಟ್ಟಲು ಬರುತ್ತದೆ, ನನಗೆ ಇದು ಬರುತ್ತದೆ. ಬಾಗಿಲನ್ನು ಭುಜದಿಂದ ಒಂದು ಕೂದಲೆಳೆಯಷ್ಟು ಮೇಲೆತ್ತಬೇಕು, ಉಸಿರು ಬಿಡುವಷ್ಟು ನಿಧಾನವಾಗಿ ಚೌಕಟ್ಟಿಗೆ ಸೇರಿಸಬೇಕು, ಆಮೇಲೆ ಚಿಲಕವನ್ನು ಬೆರಳಿನಿಂದ ಹಿಡಿದು ಇಳಿಸಬೇಕು. ನಿಮ್ಮ ತಾತ ತೀರಿಕೊಂಡ ಮೇಲೆ ಕಲಿತ ವಿದ್ಯೆ. ಯಾರಾದರೂ ಕೆಲಸದ ಮೇಲೆ ಹೊರಟಾಗ ಗಂಡ ಸತ್ತವಳು ಎದುರಾಗಬಾರದಲ್ಲ, ಅದಕ್ಕೆ.

ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದಕ್ಕೆ ಮೊದಲೇ ನಾನು ಸರಿದುಕೊಂಡೆ. ನಿಜ ಹೇಳಬೇಕೆಂದರೆ ನನ್ನಂಥ ನಾಚಿಕೆಯವಳಿಗೆ ಅದರಿಂದ ಅನುಕೂಲವೇ ಆಯಿತು. ಮುಂದೆ ಬಂದು ಮಾತಾಡಿಸಬೇಕಾಗಿಲ್ಲ, ನಗಬೇಕಾಗಿಲ್ಲ. ಬೆಕ್ಕೂ ಅಪಶಕುನವೇ, ಆದರೆ ಅದಕ್ಕೆ ಗೊತ್ತಿಲ್ಲ. ಬಾಲ ಎತ್ತಿಕೊಂಡು ರಸ್ತೆಯ ನಡುವೆ ಹೋಗುತ್ತದೆ. ನನಗೆ ಗೊತ್ತಿದೆ, ಅಷ್ಟೇ ವ್ಯತ್ಯಾಸ. ಮೇಲಾಗಿ ನಾನಿರುವುದು ಪಾವಗಡ. ಶನಿವಾರ ಬಂದರೆ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಲು ಎಲ್ಲೆಲ್ಲಿಂದಲೋ ಬಸ್ಸು ಮಾಡಿಕೊಂಡು ಬರುತ್ತಾರೆ. ಅಂಥ ಊರಿನಲ್ಲಿದ್ದುಕೊಂಡು ಶಕುನವನ್ನು ನಂಬುವುದಿಲ್ಲ ಎಂದರೆ ಸಮುದ್ರದ ದಂಡೆಯಲ್ಲಿ ಕೂತು ಉಪ್ಪು ಬೇಡ ಎಂದ ಹಾಗೆ.

ಹೀಗಿರುವಾಗ ನಮ್ಮ ಮೇಲಿನ ಮನೆಗೆ ಪೋರ್ಚುಗಲ್ ದೇಶದವರು ಬಾಡಿಗೆಗೆ ಬಂದರು.

ಕರೆತಂದವನು ನಿಮ್ಮ ಮಾವ. ನನ್ನ ಮಗನಾದರೂ ಅವನಿಗೆ ನಾಚಿಕೆ ಎಂಬುದಿಲ್ಲ. ಬಸ್ ಸ್ಟ್ಯಾಂಡಿನ ಬಳಿಯ ತನ್ನ ಜೆರಾಕ್ಸ್ ಅಂಗಡಿಗೆ ಯಾರು ಬಂದರೂ ನೆಂಟರನ್ನು ಮಾಡಿಕೊಳ್ಳುತ್ತಾನೆ. ಬಂದವರು ಮೂವರು. ಗಂಡ ರೂಯಿ, ಸೋಲಾರ್ ಪಾರ್ಕಿನಲ್ಲಿ ಇಂಜಿನಿಯರು. ಹೆಂಡತಿ ಇನೇಸ್. ಐದು ವರ್ಷದ ಮಗಳು ಮಾರ್ತಾ. ನನ್ನ ತವರು ದೊಡ್ಡೇರಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ನಾನು ಓದಿದ್ದರಲ್ಲಿ ಪೋರ್ಚುಗೀಸರು ಮೆಣಸಿಗಾಗಿ ಹಡಗಿನಲ್ಲಿ ಬಂದರೆಂದಿತ್ತು. ಇವರು ವಿಮಾನದಲ್ಲಿ ಬಿಸಿಲಿಗಾಗಿ ಬಂದಿದ್ದರು. ನಮ್ಮ ತಾಲ್ಲೂಕಿನಲ್ಲಿ ಉತ್ತದೆ ಬಿತ್ತದೆ ಬೆಳೆಯುವುದು ಅದೊಂದೇ. ಅದಕ್ಕೂ ಗಿರಾಕಿ ಬಂದರಲ್ಲ ಎಂದು ನನಗೆ ಸಂತೋಷವೇ ಆಯಿತು.

ಅವರು ಮನೆಗೆ ಬಂದ ದಿನ ಎದುರುಮನೆಯ ಮುತ್ತೈದೆಯನ್ನು ಕರೆಸಿ ಹಾಲುಕ್ಕಿಸಿದೆವು. ನಾನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಇನೇಸ್ ಕೆಳಗಿಳಿದು ಬಂದು ನಮ್ಮ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಕಿಟಕಿಯಿಂದ ಕಂಡಿತು. ಶುಭದ ದಿನ, ನನ್ನ ಮುಖ ಯಾಕೆ ತೋರಿಸಲಿ ಎಂದು ಬೇಳೆ ಆರಿಸುತ್ತ ಕೂತೆ. ಅವಳು ಹೋದಳು.

ಮರುದಿನದಿಂದ ನನ್ನ ವಿದ್ಯೆಗೆ ಕೆಲಸ ಬಂತು. ಬೆಳಿಗ್ಗೆ ಏಳಕ್ಕೆ ಜೀಪು ಬಂದು ನಿಲ್ಲುತ್ತದೆ. ರೂಯಿ ಮೆಟ್ಟಿಲಿಳಿಯುತ್ತಾನೆ. ಆ ಮೆಟ್ಟಿಲು ಇಳಿಯುವುದು ಸರಿಯಾಗಿ ನಮ್ಮ ಬಾಗಿಲ ಮುಂದೆ. ಅವನ ಬೂಟಿನ ಸದ್ದು ಕೇಳಿದ ಕೂಡಲೇ ನಾನು ರಂಗೋಲಿಯ ಡಬ್ಬಿಯನ್ನು ಹಾಗೆಯೇ ಬಿಟ್ಟು ಒಳಗೆ ಓಡಿ ಬಾಗಿಲು ಹಾಕುತ್ತಿದ್ದೆ. ಬಾಗಿಲ ಹಿಂದೆ ನಿಂತು, ದೂರದಿಂದ ಬಂದವನು, ಸುಖವಾಗಿ ಹೋಗಿ ಬರಲಪ್ಪ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಜೀಪು ಹೋದ ಮೇಲೆ ಬಾಗಿಲು ತೆಗೆದು ರಂಗೋಲಿ ಮುಗಿಸುತ್ತಿದ್ದೆ. ಅವನಿಗೆ ನಾನು ಮಾಡಬಹುದಾದ ದೊಡ್ಡ ಉಪಕಾರ ಇದೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅವನು ಹೋದ ನಂತರ ಮೇಲೆ ಹೆಜ್ಜೆಯ ಸದ್ದು ಶುರುವಾಗುತ್ತಿತ್ತು. ಇನೇಸ್ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಳು. ಮೊದಲ ವಾರ ನಲ್ಲಿ ಪೂರ್ತಿ ತಿರುಗಿಸಿ ತಾರಸಿ ತೊಳೆದು ಟ್ಯಾಂಕು ಖಾಲಿ ಮಾಡಿದಳು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆಂದು ಗೊತ್ತಾದ ಮೇಲೆ ಬೀದಿಗೆಲ್ಲ ಮೊದಲು ಅವಳೇ ಪೈಪು ಹಿಡಿದು ನಿಲ್ಲುತ್ತಿದ್ದಳು. ಅವಳು ಕಲಿತ ಮೊದಲ ಕನ್ನಡ ಮಾತು ‘ನೀರು’, ಎರಡನೆಯದು ‘ಬಂತು’. ಒಣಮೀನು ನೆನೆಹಾಕಿ ಕೋತಿಗಳಿಗೆ ಹೆದರಿ ಒಳಗಿಟ್ಟಳು. ಕೋತಿಗೆ ಮೀನು ಬೇಡವೆಂದು ಹೇಳುವ ಭಾಷೆ ನನ್ನ ಹತ್ತಿರ ಇರಲಿಲ್ಲ. ಕೋತಿ ಅವಳ ಸೋಪು ಎತ್ತಿಕೊಂಡು ಹೋಯಿತು. ಇಷ್ಟೆಲ್ಲ ಮುಗಿದ ಮೇಲೂ ಮಧ್ಯಾಹ್ನ ಉಳಿಯುತ್ತಿತ್ತು. ಪಾವಗಡದ ಮಧ್ಯಾಹ್ನ ಎಷ್ಟು ಉದ್ದವೆಂದು ನಿಮಗೆ ಗೊತ್ತಲ್ಲ. ಆಗ ಆ ಹೆಜ್ಜೆಗಳು.

ಆ ನಡಿಗೆ ನನಗೆ ಚೆನ್ನಾಗಿ ಗೊತ್ತು. ದೊಡ್ಡೇರಿಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನಾನೂ ಪರದೇಶಕ್ಕೇ ಬಂದಿದ್ದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಆದರೆ ಈ ಮನೆಯಲ್ಲಿ ಮಾತೆಲ್ಲ ತೆಲುಗು. ನನಗೆ ಒಂದಕ್ಷರ ಬಾರದು. ಕೂತರೆ ಏಳಬೇಕೆನಿಸುವುದು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಹಿತ್ತಲಿಗೆ ಹೋಗಿ ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ. ನಮ್ಮತ್ತೆ, “ಏಮೇ, ಕಾಳ್ಳಕಿ ಚಕ್ರಾಲು ಕಟ್ಟುಕುನ್ಯಾವಾ?” ಎಂದು ಕೇಳುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯೇನೇ ಎಂದು. ಅದರ ಅರ್ಥ ತಿಳಿಯುವ ಹೊತ್ತಿಗೆ ಚಕ್ರ ಕಳಚಿ ಬಿದ್ದಿತ್ತು. ಮನುಷ್ಯ ಹೊಸ ಊರಿಗೆ ಒಗ್ಗಿದ್ದು ಯಾವ ದಿನ ಎಂದು ಯಾರೂ ಗುರುತು ಹಾಕಿ ಹೇಳಲಾರರು. ಹಲ್ಲುನೋವು ನಿಂತ ಹಾಗೆ, ನಿಂತ ಮೇಲೆ ಎಷ್ಟೋ ಹೊತ್ತಿಗೆ ನೆನಪಾಗುತ್ತದೆ.

ಮೇಲೆ ಹೋಗಿ ಅವಳ ಪಕ್ಕ ಕೂರಬೇಕೆಂದು ಎಷ್ಟು ಸಲ ಅನಿಸಿತೋ. ಮೆಟ್ಟಿಲ ತನಕ ಹೋಗಿ ವಾಪಸ್ಸಾಗುತ್ತಿದ್ದೆ. ಕೊನೆಗೆ ಬೇಯಿಸಿದ ಕಡಲೆಕಾಯಿಯನ್ನೋ ಒಂದಿಷ್ಟು ಹುಳಿಯನ್ನವನ್ನೋ ಬಟ್ಟಲಲ್ಲಿ ಹಾಕಿ ಮೂರನೆಯ ಮೆಟ್ಟಿಲ ಮೇಲಿಟ್ಟು, ಬಟ್ಟಲಿಗೆ ಬೆರಳಿನಿಂದ ಎರಡು ಸಲ ತಟ್ಟಿ, ಒಳಗೆ ಬಂದುಬಿಡುತ್ತಿದ್ದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಜೀಪಿನ ಡ್ರೈವರ್ ಓಬಳೇಶ ನಮ್ಮ ಬಾಗಿಲಿಗೆ ಬಂದ. ಮಕ್ಕಳೊಂದಿಗ, ಮರ್ಯಾದಸ್ಥ. ಟವಲು ಹಿಂಡುತ್ತ ನಿಂತ.

“ತಪ್ಪು ತಿಳ್ಕಬ್ಯಾಡ್ರಮ್ಮ. ನಮ್ ಸಾರು ಬ್ಯಾರೆ ಮನೆ ನೋಡು ಅಂದವ್ರೆ.”

“ಯಾಕಪ್ಪ, ನೀರು ಸಾಲ್ದಾ?”

“ನೀರಲ್ಲ ಕಣಮ್ಮ. ದಿನಾ ಬೆಳಿಗ್ಗೆ ಅವ್ರ ಮಖದ ಮ್ಯಾಲೆ ಬಾಗ್ಲು ಹಾಕ್ತೀರಂತೆ. ಬಟ್ಲು ಮೆಟ್ಲ ಮ್ಯಾಲೆ ಮಡಗಿ ಓಡೋಗ್ತೀರಂತೆ, ನಾಯಿಗೆ ಮಡಗ್ದಂಗೆ. ನಾವೇನು ತಪ್ಪು ಮಾಡಿದ್ವಿ ಕೇಳು ಅಂತ ಆ ಯಮ್ಮ ಕಣ್ಣೀರು ಹಾಕ್ಕಂಡ್ರು. ಮಗೀನ ಕರ್ಕಂಡು ತವರಿಗೆ ಹೋಗ್ಬುಡ್ತೀನಿ ಅಂತಾವ್ರೆ. ಸಾರಿಗೆ ಇನ್ನೆರಡು ವರ್ಷ ಇಲ್ಲೇ ಕೆಲ್ಸ.”

ಒಂದು ಸಂಸಾರ ನನ್ನ ಬಾಗಿಲ ದೆಸೆಯಿಂದ ಎರಡು ದೇಶಕ್ಕೆ ಹಂಚಿಹೋಗುವುದರಲ್ಲಿತ್ತು.

“ಅಯ್ಯೋ, ಅವ್ರ ಒಳ್ಳೇದಕ್ಕೇ ಹಾಕಿದ್ದು ಕಣಪ್ಪ. ನಾನು ಎದುರು ಬರಬಾರದಲ್ಲ” ಎಂದೆ.

ಓಬಳೇಶ ನನ್ನ ಬರಿ ಹಣೆಯನ್ನು ನೋಡಿ ತಲೆ ತಗ್ಗಿಸಿದ. ಆಮೇಲೆ ತಲೆ ಕೆರೆದುಕೊಂಡ. “ಇದನ್ನ ಇಂಗ್ಲಿಷ್ನಾಗೆ ಹೆಂಗಮ್ಮ ಹೇಳಾದು? ಕೇಬಲ್ಲು, ಪ್ಯಾನಲ್ಲು, ಫ್ಯೂಸು ಅಂದ್ರೆ ಹೇಳ್ತೀನಿ. ಶಕುನಕ್ಕೆ ಏನಂತಾರೋ.”

ಆದರೂ ಹೋದ. ಮೇಲಿನಿಂದ ಬಹಳ ಹೊತ್ತು ಮಾತು ಕೇಳುತ್ತಿತ್ತು. ಆಮೇಲೆ ಅವನ ಜೊತೆ ಗಂಡ ಹೆಂಡತಿ ಇಬ್ಬರೂ ಕೆಳಗೆ ಬಂದರು. ಬಾಗಿಲು ಹಾಕಿಕೊಳ್ಳುವ ಹಾಗಿರಲಿಲ್ಲ. ಇನೇಸ್ ನನ್ನ ಕೈ ಹಿಡಿದುಕೊಂಡು ಒಂದೇ ಉಸಿರಿಗೆ ಏನೇನೋ ಹೇಳಿದಳು. ರೂಯಿ ಅದನ್ನು ಇಂಗ್ಲಿಷಿಗೆ ಮಾಡಿದ, ಓಬಳೇಶ ನಮ್ಮ ಮಾತಿಗೆ ಮಾಡಿದ.

“ಈ ಯಮ್ಮನ ಅಜ್ಜಿ ಅವ್ರಂತೆ ಅಲ್ಲಿ ಹಳ್ಳೀಲಿ. ಗಂಡ ಹೋದಾಗಿಂದ ಕರೀ ಬಟ್ಟೇನೇ ಉಡಾದಂತೆ, ಬದುಕಿರಾಗಂಟ. ಮನೇಲಿ ಯಾರೇ ಹೊರಟ್ರೂ ಆ ಅಜ್ಜಿ ಬಾಗ್ಲಾಗೆ ನಿಂತು ಹಣೆ ಮುಟ್ಟಿ ಕಳಿಸ್ಬೇಕಂತೆ. ಮುಟ್ಟದೆ ಹೋದ್ರೆ ಕೇಡು ಅಂತಾರಂತೆ. ನಾಳೆ ನೀವೂ ನಿಂತ್ಕಬೇಕಂತೆ.”

ಕರಿ ಬಟ್ಟೆ! ನಮ್ಮಲ್ಲಿ ಶನಿದೇವರಿಗೆ ಸಲ್ಲುವ ಬಣ್ಣ. ಅದನ್ನುಟ್ಟ ವಿಧವೆಯನ್ನು ಬಾಗಿಲಲ್ಲಿ ನಿಲ್ಲಿಸಿ ಶುಭವೆನ್ನುವ ಊರೂ ಈ ಭೂಮಿಯ ಮೇಲಿದೆಯಲ್ಲ ಎಂದು ಬೆರಗಾಗಿ, ಬೇರೇನೂ ತೋಚದೆ “ಆಗ್ಲಪ್ಪ” ಎಂದುಬಿಟ್ಟೆ. ಅಂದಮೇಲೆ ಹೆದರಿಕೆ ಶುರುವಾಯಿತು.

ಮರುದಿನ ಬೂಟಿನ ಸದ್ದು ಕೇಳಿತು. ನನ್ನ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಸೆರಗಿನೊಳಗೆ ಇಟ್ಟುಕೊಂಡೆ. ರೂಯಿ ಬಂದು, ನನಗಿಂತ ಒಂದೂವರೆ ಪಟ್ಟು ಎತ್ತರದ ಆಳು, ಎದುರಿಗೆ ತಲೆ ಬಗ್ಗಿಸಿ ನಿಂತುಕೊಂಡ. ಹಣೆ ಮುಟ್ಟಿದೆ. “ಹೋಗಿ ಬನ್ನಿ” ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಆ ದಿನ ನಾನು ಪಟ್ಟ ಪಾಡನ್ನು ಏನೆಂದು ಬರೆಯಲಿ! ಅವನ ಜೀಪು ಹೋಗುವುದು ಬಲಸಮುದ್ರದ ದಾರಿಯಲ್ಲಿ. ಆ ಊರಿನ ಶಾಲೆಯಲ್ಲೇ ನಿಮ್ಮ ತಾತ ಮೇಷ್ಟ್ರಾಗಿದ್ದರು. ಅದೇ ರಸ್ತೆಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಮೊಪೆಡ್ಡಿನಿಂದ ಬಿದ್ದರು. ಒಲೆಯ ಮೇಲೆ ಸಾರು ಕುದಿದು ಕುದಿದು ಬತ್ತಿತು. ದೇವರ ಮುಂದೆ ಕೂತೆ, ಎದ್ದೆ. ಪೊರಕೆ ಹಿಡಿದು ಗುಡಿಸಿದ್ದನ್ನೇ ಗುಡಿಸಿದೆ. ಗುಡಿಸುತ್ತಿರುವಾಗ ಇಷ್ಟು ವರ್ಷ ನಾನು ಯೋಚಿಸದಿದ್ದ ಒಂದು ಸಂಗತಿ ಹೊಳೆದು ಅಲ್ಲೇ ನಿಂತೆ. ಅಂದು ನಿಮ್ಮ ತಾತ ಹೊರಟಾಗ ಎದುರಿಗೆ ಬಂದದ್ದು ಹಣೆಯಲ್ಲಿ ಕುಂಕುಮವಿದ್ದ ಮುತ್ತೈದೆ, ಕಂಕುಳಲ್ಲಿ ತುಂಬಿದ ಕೊಡ. ಶಾಸ್ತ್ರದಲ್ಲಿ ಅದಕ್ಕಿಂತ ಒಳ್ಳೆಯ ಶಕುನವಿಲ್ಲ. ಆ ಮುತ್ತೈದೆ ನಾನೇ.

ಇಷ್ಟು ತಿಳಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬುದ್ಧಿಗೆ ಗೊತ್ತಾದದ್ದು ಕಾಲಿಗೆ ತಲುಪಲು ಸಮಯ ಬೇಕು. ಆ ಕಾಲು ನನ್ನನ್ನು ಮೆಟ್ಟಿಲು ಹತ್ತಿಸಿ ತಾರಸಿಗೆ ಕರೆದುಕೊಂಡು ಹೋಯಿತು, ಅಲ್ಲಿಂದ ರಸ್ತೆ ಕಾಣುತ್ತದೆಂದು. ಇನೇಸ್ ಬಟ್ಟೆ ಒಣಹಾಕಿ ನಡೆಯುತ್ತಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟಳು. ನಾನೂ ನಡೆದೆ. ಆ ಗೋಡೆಯಿಂದ ಈ ಗೋಡೆಗೆ, ಇಬ್ಬರೂ. ಹಿಂದಿನಿಂದ ಮಾರ್ತಾ, ನಮ್ಮನ್ನು ಅಣಕಿಸುತ್ತ ಕೈ ಹಿಂದೆ ಕಟ್ಟಿಕೊಂಡು. ಇನೇಸ್‌ಳ ತಳಮಳ ಏನೆಂದು ನನಗೆ ಗೊತ್ತಿತ್ತು, ನನ್ನದು ಅವಳಿಗೆ ಗೊತ್ತಿರಲಿಲ್ಲ. ನಡಿಗೆಗೆ ಅದು ಅಡ್ಡಿಯಾಗಲಿಲ್ಲ.

ಐದಕ್ಕೆ ಬರಬೇಕಾದ ಜೀಪು ಬರಲಿಲ್ಲ. ಐದೂವರೆಗೂ ಇಲ್ಲ. ಇನೇಸ್ ಫೋನು ಮಾಡಿದರೆ ಹೋಗುತ್ತಿಲ್ಲ. ನಾನು ತಾರಸಿಯ ಗೋಡೆ ಹಿಡಿದು ಕೂತುಬಿಟ್ಟೆ. ಮುಟ್ಟಿದ ಕೈಯನ್ನು ನೋಡಿಕೊಂಡೆ. ಆರೂಕಾಲಿಗೆ ಜೀಪು ತಿರುವಿನಲ್ಲಿ ಕಂಡಿತು. ನಾನು ಅಷ್ಟು ಬೇಗ ಮೆಟ್ಟಿಲಿಳಿದದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ರೂಯಿ ಕೈಯೆಲ್ಲ ಮಣ್ಣು ಮಾಡಿಕೊಂಡು ನಗುತ್ತ ಇಳಿದ.

“ಏನಾಯ್ತೋ ಓಬಳೇಶ?”

“ಪಂಚರ್ ಆಯ್ತು ಕಣಮ್ಮ. ಸ್ಟೆಪ್ನೀಲೂ ಗಾಳಿ ಇರ್ಲಿಲ್ಲ.”

“ನನ್ನಿಂದ್ಲೇ ಆಯ್ತು ನೋಡಪ್ಪ” ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

ಓಬಳೇಶ ನನ್ನನ್ನೊಮ್ಮೆ ನೋಡಿದ, ಜೀಪಿನ ಹಿಂದಿನ ಚಕ್ರವನ್ನೊಮ್ಮೆ ನೋಡಿದ. “ಬನ್ನಿ ಇಲ್ಲಿ, ಮುಟ್ಟಿ ನೋಡಿ. ನನ್ ಬೋಳುತಲೆ ಇದಕ್ಕಿಂತ ವಾಸಿ. ನಾಕು ತಿಂಗ್ಳಿಂದ ಟಯರ್ ಕೊಡ್ಸಿ ಕೊಡ್ಸಿ ಅಂತ ಬಡ್ಕತಾ ಇವ್ನಿ, ಯಾರೂ ಕಿವೀಗೆ ಹಾಕ್ಕಳ್ಳಾಕಿಲ್ಲ. ನೀವು ಬುಡಿ, ಆ ಶನಿಮಾತ್ಮನೇ ಎದುರು ಬಂದ್ರೂ ಇದು ಪಂಚರ್ ಆಗಾದೇ.”

ಮುಟ್ಟಿ ನೋಡಿದೆ. ನಿಜವಾಗಿಯೂ ನುಣ್ಣಗಿತ್ತು.

ಅವರು ಮನೆ ಬಿಡಲಿಲ್ಲ. ತವರಿನ ಮಾತು ನಿಂತಿತು. ಮಾರ್ತಾ ನಮ್ಮ ಬೀದಿಯ ಕೊನೆಯ ಶಾಲೆಗೆ ಹೋಗುತ್ತಾಳೆ. ಅಲ್ಲಿ ಕಲಿತ ತೆಲುಗನ್ನೂ ಕನ್ನಡವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರುತ್ತಾಳೆ. ಇನೇಸ್‌ಳ ನಡಿಗೆ ಪೂರ್ತಿ ನಿಂತಿಲ್ಲ. ನನ್ನ ಹೆದರಿಕೆಯೂ ಪೂರ್ತಿ ಹೋಗಿಲ್ಲ. ಈಗಲೂ ಬೆಳಿಗ್ಗೆ ಏಳಕ್ಕೆ ಕೈ ಚಿಲಕದ ಕಡೆ ಹೋಗುತ್ತದೆ. ಆದರೂ ನಿಲ್ಲುತ್ತೇನೆ, ಹಣೆ ಮುಟ್ಟುತ್ತೇನೆ, ಆಮೇಲೆ ಓಬಳೇಶನ ಕಡೆ ತಿರುಗಿ, “ಟಯರ್ ನೋಡ್ದೇನಪ್ಪ?” ಎಂದು ಕೇಳುತ್ತೇನೆ. ನೋಡಿದೆ ಎಂದ ಮೇಲೆಯೇ ಜೀಪು ಹೊರಡುವುದು.

ಯುಗಾದಿ ಮುಗಿಸಿಕೊಂಡು ನೀವು ಸಿರಾಕ್ಕೆ ಹೊರಟಾಗ, ಅಜ್ಜಿ ಎಲ್ಲಿ ಎಂದು ಕೇಳಿದಿರಂತೆ. ಅಜ್ಜಿಗೆ ಒಳಗೆ ಕೆಲಸವಿದೆ ಎಂದು ನಿಮ್ಮಮ್ಮ ಹೇಳಿದಳಂತೆ. ಅಂದು ನನಗೆ ಯಾವ ಕೆಲಸವೂ ಇರಲಿಲ್ಲ ಮಕ್ಕಳೇ. ಮುಂದಿನ ಸಲ ಬರುವಾಗ ನಿಮ್ಮಪ್ಪನಿಗೆ ಕಾರಿನ ನಾಲ್ಕು ಚಕ್ರವನ್ನೂ ತೋರಿಸಿಕೊಂಡು ಬರಲು ಹೇಳಿ. ಹೊರಡುವಾಗ ಅವಸರ ಮಾಡಬೇಡಿ. ನಿಮ್ಮ ಹಣೆ ಎಷ್ಟು ಎತ್ತರಕ್ಕೆ ಬಂದಿದೆಯೋ ನೋಡಬೇಕು.