ತಂತಿ ಸುತ್ತಿದ ಕಪ್ಲಿಂಗ್

ನನ್ನ ಗಂಡ ಮಹಾರುದ್ರಪ್ಪ ಕೊಹಿನೂರ ಎಂಬ ಹಳ್ಳಿಯವರು. ಈಜು ಬರುತ್ತಿರಲಿಲ್ಲ. ಬಾವಿಯ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ನೀರು ಸುರಿದುಕೊಳ್ಳುತ್ತಿದ್ದರು. ಅಂಥವರು ಸಮುದ್ರದ ಕೆಲಸಕ್ಕೆ ಹೋದರು.

ಮೊದಲು ಹುಮನಾಬಾದದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಟ್ಯಾಂಕರ್ ಖಾಲಿ ಮಾಡುತ್ತಿದ್ದರು. ಪೈಪು ಜೋಡಿಸುವುದು, ಬಿಚ್ಚುವುದು. ಅಲ್ಲಿಂದ ಒಬ್ಬ ಗುತ್ತೇದಾರ ಮುಂಬೈಗೆ ಕರೆದೊಯ್ದ. ಸಮುದ್ರದ ನಡುವೆ ಎಣ್ಣೆ ತೆಗೆಯುವ ದೊಡ್ಡ ಕಬ್ಬಿಣದ ಕಟ್ಟೆಗಳಿವೆಯಂತೆ. ಅವಕ್ಕೆ ಬೋಟಿನಿಂದ ಪೈಪು ಹಚ್ಚಿ ಡೀಸೆಲ್ ಏರಿಸಬೇಕು. ಪೈಪಿನ ನಡುವೆ ಕಪ್ಲಿಂಗ್ ಅನ್ನುವ ಒಂದು ಜೋಡಣೆ. ಬೋಟು ದೂರ ಸರಿದು ಪೈಪು ಬಿಗಿದರೆ ಅದು ತಾನೇ ಕಳಚಿ ಎರಡೂ ಕಡೆ ಬಾಯಿ ಮುಚ್ಚಿಕೊಳ್ಳುತ್ತದೆ.

"ಎತ್ತಿನ ಹಗ್ಗಕ್ಕ ಎಳದ್ರ ಬಿಚ್ಚೋ ಗಂಟ ಹಾಕತೀವಲ್ಲ, ಕೊಟ್ಟಿಗಿಗಿ ಬೆಂಕಿ ಬಿದ್ರ ಲಗೂ ಬಿಚ್ಚಲಿ ಅಂತ, ಹಂಗ," ಎಂದು ನನಗೆ ತಿಳಿಸಿ ಹೇಳಿದ್ದರು.

ದೊಡ್ಡವರು ಏನಂದರೂ ಹೂಂ ಅನ್ನುವ ಮನುಷ್ಯ. "ನಿಮ್ಮ ಬಾಯಾಗ ಇಲ್ಲ ಅನ್ನೋ ಮಾತೇ ಹುಟ್ಟಿಲ್ಲೇನ್ರಿ?" ಎಂದು ಕೇಳಿದರೆ ಅದಕ್ಕೂ ಹೂಂ ಅಂದರು.

ಹೋದ ಮಳೆಗಾಲದಲ್ಲಿ ಹೆಣ ಬಂತು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕುಳಿತಂತೆ ಕೂಡಿಸಿ ಮಣ್ಣು ಕೊಡುತ್ತಾರೆ. ಎದೆಗೂಡು ಮುರಿದಿತ್ತು, ಮೈ ಸೆಟೆದಿತ್ತು. ಕೂಡಿಸಲು ಆಗಲಿಲ್ಲ. ಮಲಗಿಸಿಯೇ ಮುಚ್ಚಿದರು. ಅತ್ತೆ ಪಾರ್ವತಿಬಾಯಿ ಅದನ್ನೇ ಹೇಳಿಕೊಂಡು ಅತ್ತರು. ಕಪ್ಲಿಂಗ್ ಕೆಟ್ಟಿತ್ತು, ಅದಕ್ಕೇ ಸತ್ತರು ಅಂತ ಮನೆಯವರೆಲ್ಲ ನಂಬಿದರು.

ಹೆಣದ ಜೊತೆ ಬಂದವನು ಬಸವಕಲ್ಯಾಣದ ತಹಸೀನ್, ಅದೇ ಬೋಟಿನಲ್ಲಿದ್ದವನು. ನನ್ನೊಬ್ಬಳಿಗೇ ಹೇಳಿದ.

"ಭಾಬಿ, ಕಪ್ಲಿಂಗ್ ಛಲೋನೇ ಇತ್ತು. ಸಮುದ್ರದ ತೆರಿ ಜೋರಿದ್ದಾಗ ಸುಮ್ ಸುಮ್ನ ಕಳಚತಿತ್ತು. ಕೆಲಸ ನಿಲ್ತದ ಅಂತ ಬೋಟಿನ ಸಾಹೇಬ ಬೈತಿದ್ದ. ಕಳಚದಂಗ ತಂತಿ ಸುತ್ತು ಅಂದ. ಭಾಯಿ ಸುತ್ತಿದ್ರು. ಅವತ್ತ ಗಾಳಿಗಿ ಬೋಟ್ ಸರೀತು. ಕಪ್ಲಿಂಗ್ ಬಿಚ್ಚಲಿಲ್ಲ. ಪೈಪೇ ಹರಕೊಂಡು ಬಂದು ಎದಿಗಿ ಬಡೀತು."

"ಅತ್ತಿ ಮುಂದ ಹೇಳಬ್ಯಾಡಪ್ಪ," ಅಂದೆ. ನಾನೂ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಮೈದುನ ಓಂಪ್ರಕಾಶನಿಗೆ ಅಣ್ಣನ ಜಾಗಕ್ಕೆ ಕರೆ ಬಂತು. ಅದೇ ಬೋಟು. ಬಟ್ಟೆ ಮಡಚುತ್ತಿದ್ದ.

"ಹೋಗಬ್ಯಾಡ," ಅಂದೆ.

"ಈಗ ಹೊಸಾ ಕಪ್ಲಿಂಗ್ ಹಾಕ್ಯಾರ ವೈನಿ. ಹಳೇದು ಕೆಟ್ಟಿತ್ತು."

"ಕೆಟ್ಟಿರಲಿಲ್ಲ."

ಅತ್ತೆ ಒಳಗಿನಿಂದ ಬಂದು ನಿಂತರು. ಅವರಿಗೆ ಕೇಳಿಸಬಾರದು ಅಂತ ಸುಮ್ಮನಾದರೆ ಇವನು ಹೋಗುತ್ತಾನೆ. ಹೇಳಿಬಿಟ್ಟೆ. ತಂತಿ, ಸಾಹೇಬ, ಸುತ್ತಿದ ಕೈ ಯಾರದು, ಎಲ್ಲ.

"ಸತ್ತವನ ಮ್ಯಾಲ ತಪ್ಪ ಹಾಕತೀ?" ಅಂದರು ಅತ್ತೆ. "ನನ್ನ ಮಗ ತನ್ನ ಸಾವು ತಾನೇ ಕಟ್ಟಿಕೊಂಡನೇನ? ಹುಚ್ಚ ಇದ್ದನೇನ?"

"ಹುಚ್ಚರಲ್ಲ ಅತ್ತಿ. ಎದುರ ಮಾತಾಡಲಿಲ್ಲ, ಅಷ್ಟೇ."

ಓಂಪ್ರಕಾಶ ಮಡಚಿದ ಬಟ್ಟೆಯನ್ನು ಬದಿಗೆ ಸರಿಸಿದ. ಗೆದ್ದೆ ಅಂದುಕೊಂಡೆ. ಆಮೇಲೆ ಅವನ ಮುಖ ಹಗುರಾಯಿತು.

"ಹಂಗಾದ್ರ ಸಾಮಾನು ಛಲೋ ಅದ ಅಂದಂಗಾತು. ಇಷ್ಟ ದಿನ ಸುಳ್ಳೇ ಅಂಜಿದ್ದೆ ನೋಡ್ರಿ ವೈನಿ. ನಾ ತಂತಿ ಸುತ್ತಂಗಿಲ್ಲ ಬಿಡ್ರಿ."

"ಸಾಹೇಬ ಬೈದ್ರ?"

"ಬೈಲಿ. ನಾ ಅಣ್ಣನಂಗ ಅಲ್ಲ."

ಮರುದಿನ ಹುಮನಾಬಾದಕ್ಕೆ ಹೋಗಿ ಗಾಡಿ ಹತ್ತಿದ. ಅತ್ತೆ ಅಂದಿನಿಂದ ನನ್ನ ಕೈಯ ರೊಟ್ಟಿ ತಿನ್ನುವುದಿಲ್ಲ, ತಾವೇ ಬಡಿದುಕೊಳ್ಳುತ್ತಾರೆ.

ನಿನ್ನೆ ಅವನ ಫೋನು ಬಂತು. ಊಟ ಛಲೋ ಅದ ಅಂದ. ಗಾಳಿಯ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ತಂತಿ ಸುತ್ತಿಲ್ಲಲ್ಲ ಅಂತ ಕೇಳಿದೆ.

"ದಿನಾ ಅಲ್ರಿ ವೈನಿ," ಅಂದ.