ಹಸಿ ಉಸುಕಿನ ಅಳತೆ

ಇವತ್ತು ಬೆಳಿಗ್ಗೆ ನನ್ನ ಅಡ್ಡೆಯಲ್ಲಿ ಉಸುಕಿನ ಗಾಡಿ ಸುರಿಯಿತು. ಹಸಿ ಉಸುಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಉಸುಕಿನ ಕಾಕಾ ನೆನಪಾದ. ಸತ್ತ ಹಿರಿಯರನ್ನು ಏಕವಚನದಲ್ಲಿ ಕರೆಯಬಾರದಂತೆ. ಅವನ ವಿಷಯದಲ್ಲಿ ನನ್ನಿಂದ ಅದು ಆಗುವುದಿಲ್ಲ.

ಸದಲಗಾದಲ್ಲಿ ನಮ್ಮ ಓಣಿಯ ತುದಿಗೇ ಅವನ ಮನೆ. ದೂಧಗಂಗಾ ನದಿಯ ಉಸುಕನ್ನು ಟ್ರ್ಯಾಕ್ಟರಿನಲ್ಲಿ ತಂದು ಊರಿಗೆಲ್ಲ ಹಾಕುತ್ತಿದ್ದ. ಬಿಳಿ ಟೋಪಿ, ದವಡೆಯಲ್ಲಿ ತಂಬಾಕು, ಯಾರನ್ನು ಕಂಡರೂ ನಗು. ಅಪ್ಪ ತೀರಿಕೊಂಡ ಮೇಲೆ ಅವ್ವ ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ, ಎರಡು ಕೋಣೆಯ ಮನೆ ಎತ್ತಿದಳು. ಸ್ಲ್ಯಾಬಿಗೆ ಎಷ್ಟು ಉಸುಕು, ಎಷ್ಟು ಜಲ್ಲಿ ಖಡಿ ಬೇಕೆಂದು ಲೆಕ್ಕ ಹಾಕಿದವಳೂ ಅವಳೇ. ಹಗ್ಗ ಹಿಡಿದು ಅಳೆದು, ಚೆಲ್ಲಿ ಹೋಗುವುದಕ್ಕೆಂದು ಒಂದಿಷ್ಟು ಸೇರಿಸಿ ಹೇಳಿದಳು. ಮನೆ ಕಟ್ಟುವ ಗೌಂಡಿಯೂ ಸರಿ ಎಂದ.

ಹಸಿ ಉಸುಕು ಉಬ್ಬಿಕೊಂಡಿರುತ್ತದೆ, ಒಣಗಿದರೆ ಇಳಿಯುತ್ತದೆ. ಕಾಕಾ ಹಸಿಯದ್ದನ್ನೇ ತಂದ. ಗಾಡಿ ಸುರಿಯುವ ಮೊದಲು ಮೇಲ್ಭಾಗ ಸಮ ಮಾಡಿ, ಮೂಲೆಗಳಲ್ಲೂ ನಡುವೆಯೂ ಕಬ್ಬಿಣದ ಸಳಿ ಇಳಿಸಿ ಆಳ ನೋಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಕೊಳ್ಳುವವರು ಮಾಡಬೇಕು. ಕಾಕಾ ಸಮ ಮಾಡದೆ, ರಾಶಿ ಎತ್ತರವಿದ್ದ ನಡುವೆ ತಾನೇ ಒಂದು ಸಲ ಚುಚ್ಚಿ ಮುಗಿಸಿದ. ಅವ್ವ ಕೈ ಚಾಚಿದಾಗ ಓಣಿಯವರೆಲ್ಲರ ಮುಂದೆ, "ಹೆಣಮಕ್ಕಳು ಸಳಿ ಮುಟ್ಟಿದ್ರ ಮನಿ ಏಳೂದಿಲ್ಲ ಬೇ. ಬಾಜೂಕ ನಿಂದ್ರು," ಎಂದ. ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು...

ಸ್ಲ್ಯಾಬ್ ಹಾಕುವ ದಿನ ಮಧ್ಯಾಹ್ನಕ್ಕೇ ಉಸುಕು ತೀರಿತು. ಕಾಕಾನ ಗಾಡಿಗಳು ಬೇರೆಯವರ ಕೆಲಸಕ್ಕೆ ಹೋಗಿದ್ದವು. ಸ್ಲ್ಯಾಬನ್ನು ಅರ್ಧಕ್ಕೆ ನಿಲ್ಲಿಸಬಾರದು, ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದು ಉಳಿಯುತ್ತದೆ. ನಮ್ಮದು ನಿಂತಿತು. ಮಳೆಗಾಲದಲ್ಲಿ ಸೋರತೊಡಗಿತು. ಸೋರಿದ್ದನ್ನು ಮರೆತೇನು, ಆದರೆ ಅವನು ಚಹಾದಂಗಡಿಯಲ್ಲಿ ಕೂತು ಹೆಂಗಸಿನ ಲೆಕ್ಕವೇ ತಪ್ಪಿತ್ತೆಂದು ಹಬ್ಬಿಸಿದ್ದನ್ನು ಮರೆಯಲಾರೆ. ಓಣಿಯವರು ಅವ್ವನಿಗೆ 'ಅರ್ಧಾ ಸ್ಲ್ಯಾಬ್' ಎಂದು ಹೆಸರಿಟ್ಟರು. ಸಾಯುವವರೆಗೂ ಅವಳು ಅದನ್ನು ಕೇಳಿಸಿಕೊಂಡಳು.

ನಾನು ಈ ಧಂದೆಗೆ ಇಳಿದದ್ದೇ ಹಟಕ್ಕೆ. ನದಿಯ ಉಸುಕು ತೆಗೆಯುವುದು ಬಂದ್ ಆಗಿ ಕಾಕಾ ಮನೆ ಹಿಡಿದ. ನಾನು ಕಲ್ಲು ಅರೆದ ಉಸುಕು ತರಿಸಿ ಮಾರತೊಡಗಿದೆ. ಕೊನೆಗೊಂದು ದಿನ ಅವನೇ ತನ್ನ ಮಾಳಿಗೆಯ ಸ್ಲ್ಯಾಬಿಗೆ ಎಷ್ಟು ಬೇಕೆಂದು ಕೇಳಿಕೊಂಡು ನನ್ನ ಹತ್ತಿರವೇ ಬಂದ. ಒಂದು ಬುಟ್ಟಿಯೂ ಹೆಚ್ಚಿಗೆ ಸೇರಿಸದೆ ಇದ್ದದ್ದು ಇದ್ದಂತೆ ಹೇಳಿದೆ. ಕಾಕಾ ನಕ್ಕ.

"ಎರಡ ಗಾಡಿ ಕಮ್ಮಿ ಕಳಸವ್ವಾ. ನಾನೂ ಇದ ಧಂದೇದಾಗ ಇದ್ದಾಂವ."

ಮಾರುವವರೆಲ್ಲ ತನ್ನ ಹಾಗೆಯೇ ಮೋಸದವರು, ನಾನೂ ಎರಡು ಗಾಡಿ ಹೆಚ್ಚಿಗೆ ಹೇಳಿದ್ದೇನೆ ಎಂದುಕೊಂಡಿದ್ದ. ಅವನು ಹೇಳಿದಂತೆಯೇ ಎರಡು ಗಾಡಿ ಕಮ್ಮಿ ಬರೆದುಕೊಂಡೆ. ಒಳಗೊಳಗೇ ಖುಷಿಯಾಗಿತ್ತು.

ಸ್ಲ್ಯಾಬಿನ ದಿನ ಮಧ್ಯಾಹ್ನ ಫೋನು ಬಂತು. ಉಸುಕು ಮುಗಿದಿದೆ, ಲಗೂನೆ ಗಾಡಿ ಕಳಿಸು ಎಂದು ಅಂಗಲಾಚಿದ. ತುಂಬಿದ ಗಾಡಿ ನನ್ನೆದುರಿಗೇ ನಿಂತಿತ್ತು, ಡ್ರೈವರ್ ಇಂಜಿನ್ ಶುರು ಮಾಡಿದ್ದ.

"ಗೌಂಡ್ಯಾರೆಲ್ಲಾ ಅಲ್ಲೇ ಅದಾರಲ್ರಿ ಕಾಕಾ. ನಮ್ಮವ್ವನ ಲೆಕ್ಕಾ ಖರೇ ಇತ್ತು, ಉಸುಕ ಕಮ್ಮಿ ಹಾಕಿದಾಂವ ನಾನ ಅಂತ ಅವರ ಮುಂದ ಒಂದ ಮಾತ ಹೇಳ್ರಿ. ಗಾಡಿ ಬಿಡ್ತೀನಿ."

ಆ ಕಡೆ ಮಿಕ್ಸರ್ ತಿರುಗುವ ಸದ್ದು, ಆಳುಗಳ ಕೂಗು... ಆಮೇಲೆ ಅವನೇ ಫೋನು ಕಟ್ ಮಾಡಿದ. ಇಂಜಿನ್ ಬಂದ್ ಮಾಡು ಎಂದು ನಾನು ಡ್ರೈವರನಿಗೆ ಹೇಳಿದೆ.

ಆ ಮಳೆಗಾಲ ಅವನ ಗೋಡೆಯ ಮೇಲೆ ನೀರಿನ ಕಲೆ ಇಳಿಯುವುದನ್ನು ನೋಡಲೆಂದೇ ಆ ಓಣಿಯಲ್ಲಿ ನಿಧಾನಕ್ಕೆ ನಡೆದಿದ್ದೇನೆ. ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಮೊನ್ನೆ ಕಾಕಾ ಹೋದ. ಮಣ್ಣಿಗೆ ಹೋಗಿದ್ದೆ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಅನ್ನುತ್ತಿದ್ದರು. ಅಳು ಬಂತು, ಅವನಿಗಾಗಿ ಅಲ್ಲ. ಅವ್ವನ ಲೆಕ್ಕ ಸರಿ ಇತ್ತೆಂದು ನಾನು ಎಷ್ಟು ಸಲ ಹೇಳಿದರೂ ಅದು ಮಗಳ ಮಾತು. ಊರು ನಂಬುವಂತೆ ಹೇಳಬಲ್ಲವನು ಅವನೊಬ್ಬನೇ ಇದ್ದ. ಇನ್ನು ಯಾರ ಬಾಯಿಂದ ಹೇಳಿಸಲಿ?